ಗಾಜಿನ ಬೋಗಿ, ಸಾದಾ ಕಿಟಕಿ

ಹೋದ ತಿಂಗಳ ಅಂಕಣದ ಕೊನೇ ಸಾಲಲ್ಲಿ "ಬೆಟ್ಟದ ರೈಲು ಪ್ರವಾಸದ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ" ಅಂತ ಒಂದು ಮಾತು ಹಾಕಿದ್ದೆ, ಅಷ್ಟೇ. ಬಂದು ಬಿದ್ದ ಕಾಗದ ನೋಡಿದ್ರೆ ಕಾರವಾರಕ್ಕಿಂತ ಸಿರ್ಸಿ, ಸಿದ್ದಾಪುರ, ಯಲ್ಲಾಪುರದವೇ ಜಾಸ್ತಿ. ಊರಲ್ಲಿ ರೈಲು ಇಲ್ಲದವರಿಗೇ ರೈಲಿನ ಆಸೆ ಹೆಚ್ಚು ಅಂತ ಕಾಣ್ತದೆ. ಎಲ್ಲದಕ್ಕೂ ಉತ್ತರ ಬರೀಲಿಕ್ಕೆ ಜಾಗ ಇಲ್ಲ, ಒಂದೇ ಥರದ್ದನ್ನ ಒಟ್ಟು ಮಾಡಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಬರೋ ಮೇ ತಿಂಗಳಿಗೆ ನಮ್ಮ ಅಪ್ಪ-ಆಯಿ ಮದುವೆಯಾಗಿ ಐವತ್ತು ವರ್ಷ. ಇಬ್ರೂ ತೋಟ ಬಿಟ್ಟು ಎಲ್ಲೂ ಹೋದವರಲ್ಲ. ಅಣ್ಣ ಸ್ವಿಟ್ಜರ್ಲೆಂಡಿನ ಗ್ಲೇಸಿಯರ್ ಎಕ್ಸ್‌ಪ್ರೆಸ್ಸೇ ಆಗ್ಬೇಕು ಅಂತ ಹಠ ಹಿಡಿದಿದ್ದಾನೆ, ನಂಗೆ ನಮ್ಮದೇ ಗೋಲ್ಡನ್ ಚಾರಿಯಟ್ ಸಾಕು ಅನ್ಸತ್ತೆ. ಆಯಿಗೆ ಮಂಡಿ ನೋವು, ಅಪ್ಪ ನೀರುಳ್ಳಿ ಬೆಳ್ಳುಳ್ಳಿ ತಿನ್ನೋದಿಲ್ಲ. ಯಾವುದು ಒಳ್ಳೇದು? — ಸಿರ್ಸಿ ಹತ್ತಿರದ ಹಳ್ಳಿಯ ಮಗಳು, ಈಗ ಬೆಂಗಳೂರು

ಉತ್ತರ: ತಂಗಿ, ನೀವಿಬ್ರೂ ಜಗಳ ಆಡ್ತಾ ಇರೋದು ಎರಡು ಬೇರೆ ಬೇರೆ ಜಾತಿಯ ರೈಲಿನ ಬಗ್ಗೆ. ಒಂದು ಚಕ್ರ ಇರೋ ಹೋಟೆಲು, ಇನ್ನೊಂದು ಕಿಟಕಿ ಪಕ್ಕದ ಕುರ್ಚಿ.

ಗೋಲ್ಡನ್ ಚಾರಿಯಟ್ 2008ರಲ್ಲಿ ಶುರುವಾಗಿದ್ದು, ನಡುವೆ ಸುಮಾರು ವರ್ಷ ನಿಂತಿತ್ತು, 2024ರ ಡಿಸೆಂಬರಲ್ಲಿ ಐಆರ್‌ಸಿಟಿಸಿ ಮತ್ತೆ ಓಡಿಸ್ತು. ಒಟ್ಟು 40 ಕೋಣೆ, ರುಚಿ ಮತ್ತು ನಳಪಾಕ ಅಂತ ಎರಡು ಊಟದ ಬೋಗಿ, ಆರೋಗ್ಯ ಅಂತ ಸ್ಪಾ, ಮದಿರಾ ಅಂತ ಒಂದು ಬಾರು (ಅಪ್ಪನಿಗೆ ಅದರ ಸುದ್ದಿ ಹೇಳ್ಬೇಡಿ). ಐದು ರಾತ್ರಿ ಆರು ಹಗಲಿನ ಕರ್ನಾಟಕ ಟೂರಲ್ಲಿ ಬಂಡೀಪುರ, ಮೈಸೂರು, ಹಳೇಬೀಡು, ಚಿಕ್ಕಮಗಳೂರು, ಹಂಪಿ, ಗೋವಾ ಎಲ್ಲ ಬರ್ತದೆ. ಆದ್ರೆ ಹೆಚ್ಚಿನ ಓಡಾಟ ರಾತ್ರಿ ಹೊತ್ತಿಗೆ, ನೀವು ಹೊದ್ಕೊಂಡು ಮಲಗಿದಾಗ. ಹಗಲಿಗೆ ಇಳಿದು ಬಸ್ಸು ಹತ್ತಬೇಕು, ದೇವಸ್ಥಾನದ ಮೆಟ್ಟಿಲು ಏರಬೇಕು, ಹಂಪಿಯ ಬಿಸಿಲಲ್ಲಿ ಕಲ್ಲಿನ ಮೇಲೆ ನಡೀಬೇಕು, ಮತ್ತೆ ಬಸ್ಸು ಹತ್ತಬೇಕು. ಮಂಡಿ ನೋವಿರೋ ಆಯಿಗೆ ಇದು ಸುಖ ಅಲ್ಲ, ಕೆಲಸ. ರೇಟಂತೂ ಆಗ ಒಬ್ಬರಿಗೆ ನಾಲ್ಕು ಲಕ್ಷದ ಹತ್ತಿರ ಇಟ್ಟಿದ್ರು. ಅಪ್ಪ ಅದನ್ನ ಕೇಳಿದ ಕೂಡ್ಲೇ ಎಷ್ಟು ಕ್ವಿಂಟಲ್ ಚಾಲಿ ಅಡಿಕೆ ಅಂತ ಲೆಕ್ಕ ಹಾಕ್ತಾರೆ, ಆಮೇಲೆ ಪ್ರವಾಸ ಪೂರ್ತಿ ಅದೇ ಲೆಕ್ಕ ತಲೇಲಿ ತಿರುಗ್ತದೆ. ಇನ್ನೊಂದು ಮಜಾ ಅಂದ್ರೆ ಅದರ ಬೋಗಿಗಳಿಗೆ ಕರ್ನಾಟಕ ಆಳಿದ ರಾಜವಂಶಗಳ ಹೆಸರು ಇಟ್ಟಿದ್ದಾರೆ, ಅದರಲ್ಲಿ ಒಂದು ಕದಂಬ. ನಮ್ಮ ಬನವಾಸಿಯ ಕದಂಬರು ರೈಲು ಹತ್ತಿ ಊರೂರು ತಿರುಗ್ತಾ ಇದ್ದಾರೆ, ಬನವಾಸಿಗೂ ಸಿರ್ಸಿಗೂ ಮಾತ್ರ ಹಳಿ ಬಂದಿಲ್ಲ.

ಇನ್ನು ಅಣ್ಣನ ರೈಲು. ಗ್ಲೇಸಿಯರ್ ಎಕ್ಸ್‌ಪ್ರೆಸ್ ಜೆರ್ಮಾಟ್‌ನಿಂದ ಸೇಂಟ್ ಮೊರಿಟ್ಜ್‌ಗೆ ಹೋಗೋದು, 291 ಕಿ.ಮೀ., ಸುಮಾರು ಎಂಟು ತಾಸು. ಲೆಕ್ಕ ಹಾಕಿ ನೋಡಿ, ತಾಸಿಗೆ ಸುಮಾರು 36 ಕಿ.ಮೀ. ಅಷ್ಟೇ, ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರೋ ನಮ್ಮ ಬಸ್ಸಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಅವರೇ ಇದನ್ನ ಜಗತ್ತಿನ ಅತಿ ನಿಧಾನದ ಎಕ್ಸ್‌ಪ್ರೆಸ್ ಅಂತ ಹೆಮ್ಮೆಯಿಂದ ಕರ್ಕೊಳ್ತಾರೆ. 91 ಸುರಂಗ, 291 ಸೇತುವೆ, ಎಲ್ಲಕ್ಕಿಂತ ಎತ್ತರದ ಜಾಗ ಓಬರಾಲ್ಪ್ ಪಾಸ್, 2,033 ಮೀಟರ್. ರೈಲೊಳಗೇ ಕೂತಿರೋದ್ರಿಂದ ಆ ಎತ್ತರಕ್ಕೆ ಹೆದರೋದೇನೂ ಬೇಡ. ಕೂತಲ್ಲಿಗೇ ಊಟ ಬರ್ತದೆ. ಮಂಡಿಗೆ ಇದೇ ವಾಸಿ, ಎಂಟು ತಾಸು ಒಂದೇ ಸಮ ಕೂರೋದೂ ಒಂದು ಶಿಕ್ಷೆ ಅನ್ನೋದು ಬಿಟ್ರೆ.

ಆದ್ರೆ ಹೆಸರು ನೋಡಿ ಮೋಸ ಹೋಗ್ಬೇಡಿ. 1930ರಲ್ಲಿ ಇದು ಶುರುವಾದಾಗ ಫುರ್ಕಾ ಪಾಸ್ ಮೇಲೆ ಹತ್ತಿ ಹೋಗ್ತಿತ್ತು, ರೋನ್ ಹಿಮನದಿ ಕಣ್ಣೆದುರೇ ಕಾಣ್ತಿತ್ತು, ಹೆಸರು ಬಂದಿದ್ದೇ ಅದರಿಂದ. ಹಿಮ ಬಿದ್ದಾಗ ಆ ದಾರಿ ಬಂದ್ ಆಗ್ತದೆ ಅಂತ 1982ರಲ್ಲಿ ಕೆಳಗಿಂದ ಹದಿನೈದು ಕಿ.ಮೀ. ದಾಟೋ ಸುರಂಗ ಕೊರೆದ್ರು. ಆಮೇಲೆ ಚಳಿಗಾಲದಲ್ಲೂ ಟ್ರೈನು ಓಡ್ಲಿಕ್ಕೆ ಹತ್ತಿತು, ಹಿಮನದಿ ಮಾತ್ರ ತಪ್ಪಿ ಹೋಯ್ತು. ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆಗೆ ಗತಿ ಇಲ್ಲ ಅಂದ ಹಾಗೆ.

ಈಗ ನಾನು ಹೇಳಬೇಕು ಅಂತಿರೋ ಅಸಲು ಮಾತಿಗೆ ಬರ್ತೇನೆ. ಈ ಥರದ ಪ್ರವಾಸದಲ್ಲಿ ದುಡ್ಡು ಕೊಟ್ಟು ಕೊಳ್ಳೋದು ದೊಡ್ಡ ಕಿಟಕಿಯ ಗಾಜು, ಕುರ್ಚಿ, ಊಟ. ಬೆಟ್ಟ ಅದರಲ್ಲಿ ಸೇರಿಲ್ಲ. ಗ್ಲೇಸಿಯರ್ ಎಕ್ಸ್‌ಪ್ರೆಸ್ ಓಡೋ ಅದೇ ಹಳಿ ಮೇಲೆ ಸ್ಥಳೀಯರು ಆಫೀಸಿಗೆ ಶಾಲೆಗೆ ಹೋಗೋ ಸಾದಾ ಟ್ರೈನೂ ಓಡ್ತವೆ, ಆಂಡರ್ಮಾಟ್, ಡಿಸೆಂಟಿಸ್ ಕಡೆ ಇಳಿದು ಹತ್ತಬೇಕು ಅಷ್ಟೇ. ನಾನು ಆ ಕಡೆ ಹೋಗಿದ್ದು ಒಂದೇ ಸಲ, ಅಕ್ಕ-ಭಾವನ ಜೊತೆ. ಸೀಟು ಕಾದಿರಿಸೋದು ಟಿಕೆಟ್ಟಿಗಿಂತ ಬೇರೆ, ಅದಕ್ಕೆ ಬೇರೇನೇ ದುಡ್ಡು ಅನ್ನೋದು ಗೊತ್ತಿಲ್ದೆ ರೈಲ್ ಪಾಸ್ ಹಿಡ್ಕೊಂಡು ಧೈರ್ಯವಾಗಿ ಹೋದೆ, ಅಲ್ಲಿ ಸೀಟೆಲ್ಲ ಭರ್ತಿ. ತಪ್ಪು ಪೂರ್ತಿ ನಂದೇ, ಭಾವ ಇವತ್ತಿಗೂ ಅದನ್ನ ಮರೆಯೋಕೆ ಬಿಟ್ಟಿಲ್ಲ. ಕೊನೆಗೆ ಕೆಂಪು ಬಣ್ಣದ ಸಾದಾ ಟ್ರೈನಲ್ಲಿ ಕೂತು ಹೋದ್ವಿ, ಅದರ ಕಿಟಕಿ ಕೆಳಗೆ ಇಳಿಸ್ಲಿಕ್ಕೆ ಬರ್ತಿತ್ತು. ಲಾಂಡ್‌ವಾಸರ್ ಸೇತುವೆ ಅಂತ ಒಂದಿದೆ, 65 ಮೀಟರ್ ಎತ್ತರ, ಆರು ಕಮಾನು, ಬಿಲ್ಲಿನ ಹಾಗೆ ಬಾಗಿ ಹೋಗಿ ನೆಟ್ಟಗೆ ನಿಂತ ಬಂಡೆಯ ಹೊಟ್ಟೆಯೊಳಗೆ ಸುರಂಗಕ್ಕೆ ನುಗ್ಗತ್ತೆ, ಸೇತುವೆಯ ಕೊನೇ ಕಂಬ ದಾಟಿದ್ರೆ ಬಂಡೆ, ನಡುವೆ ನೆಲವೇ ಇಲ್ಲ. ಆ ತಿರುವಲ್ಲಿ ನಮ್ಮದೇ ಟ್ರೈನಿನ ಇಂಜಿನ್ನು ಬಂಡೆಯೊಳಗೆ ಹೋಗೋದು ಹಿಂದಿನ ಬೋಗಿಯ ಕಿಟಕಿಯಿಂದ ಕಾಣ್ತದೆ, ಗಾಳಿಗೆ ಹಸಿ ಹುಲ್ಲಿನ ವಾಸನೆ. ಗಾಜಿನ ಬೋಗಿಯಲ್ಲಿ ಕೂತವರ ಫೋಟೋದಲ್ಲಿ ಅವರದೇ ಮುಖದ ನೆರಳು ಬರ್ತದೆ.

ಹಾಗಂತ ಗಾಜು ಬೇಡ ಅಂತಲ್ಲ. ವಯಸ್ಸಾದವರಿಗೆ ಕುರ್ಚಿ ಮುಖ್ಯ. ನನ್ನ ಓಟು ಮಾತ್ರ ಗ್ಲೇಸಿಯರಿಗಲ್ಲ, ಬರ್ನಿನಾ ಎಕ್ಸ್‌ಪ್ರೆಸ್ಸಿಗೆ. ಸೇಂಟ್ ಮೊರಿಟ್ಜ್‌ನಿಂದ ಇಟಲಿಯ ತಿರಾನೋವರೆಗೆ ಎರಡೂವರೆ ತಾಸಿನ ಆಚೀಚೆ, ಆಯಿಯ ಮಂಡಿ ತಡ್ಕೊಳ್ಳೋವಷ್ಟು. 2,253 ಮೀಟರ್ ಎತ್ತರದ ಓಸ್ಪಿಟ್ಸಿಯೋ ಬರ್ನಿನಾದಲ್ಲಿ ಹಿಮ, ಅಲ್ಲಿಂದ ಹಲ್ಲಿನ ಹಳಿಯ ಸಹಾಯ ಇಲ್ದೆನೇ ಸಾವಿರಕ್ಕೆ 70ರ ಇಳಿಜಾರಲ್ಲಿ ಇಳೀತಾ ಹೋಗಿ, ಬ್ರೂಸಿಯೋ ಅನ್ನೋ ಕಡೆ ಹಾವಿನ ಹಾಗೆ ಸುತ್ತಿ ತನ್ನದೇ ಸೇತುವೆಯ ಕಮಾನಿನಡಿ ಹಾದು, 429 ಮೀಟರಿನ ತಿರಾನೋಗೆ ಬಂದ್ರೆ ಅಲ್ಲಿ ತಾಳೆ ಜಾತಿಯ ಮರ ನಿಂತಿರ್ತವೆ. ಘಟ್ಟ ಇಳಿದು ಕರಾವಳಿ ಗಾಳಿ ಮುಖಕ್ಕೆ ಬಡಿಯೋ ಸುಖ ಗೊತ್ತಿರೋ ಸಿರ್ಸಿಯವರಿಗೆ ಇದು ಹೇಳದೇ ಅರ್ಥ ಆಗ್ತದೆ. ಬರ್ನಿನಾ ಹಳಿಗೆ, ಲಾಂಡ್‌ವಾಸರ್ ಸೇತುವೆ ಇರೋ ಅಲ್ಬುಲಾ ಹಳಿಗೆ ಯುನೆಸ್ಕೋ 2008ರಲ್ಲಿ ವಿಶ್ವ ಪರಂಪರೆಯ ಪಟ್ಟ ಕೊಟ್ಟಿದೆ.

ಮೇ ತಿಂಗಳು ಒಳ್ಳೇದೇ. ಕೊನೆ ಕೊಯ್ಲು, ಅಡಿಕೆ ಸುಲಿಯೋದು ಎಲ್ಲ ಮುಗಿದಿರ್ತದೆ, ಮಳೆ ಹಿಡಿದು ಕೊಳೆಗೆ ಮದ್ದು ಹೊಡೆಯೋ ಹೊತ್ತಿಗೆ ಅಪ್ಪ ತೋಟಕ್ಕೆ ವಾಪಸ್ ಬಂದಿರ್ತಾರೆ. ಇಲ್ದಿದ್ರೆ ಅವರ ಜೀವ ತೋಟದಲ್ಲೇ. ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಗ್ಲೇಸಿಯರ್ ಎಕ್ಸ್‌ಪ್ರೆಸ್ ಓಡೋದಿಲ್ಲ, ಅದೊಂದು ನೆನಪಿರಲಿ. ಷೆಂಗೆನ್ ವೀಸಾ ಬೇಕು, ಬೇಗ ಅರ್ಜಿ ಹಾಕಿ. ಊಟದ ವಿಷಯ ಬುಕ್ ಮಾಡೋವಾಗ್ಲೇ ಹೇಳಿಡಿ, ಆದ್ರೂ ಅವರ ಸಸ್ಯಾಹಾರದಲ್ಲಿ ನೀರುಳ್ಳಿ ಇರೋದಿಲ್ಲ ಅಂತ ನಂಬ್ಕೊಂಡು ಕೂರ್ಬೇಡಿ. ಅವಲಕ್ಕಿ, ಚಟ್ನಿಪುಡಿ, ಒಂದು ಡಬ್ಬಿ ತೊಡದೇವು ಕಟ್ಟಿಕೊಳ್ಳಿ. ಕವಳದ ಸಂಚಿ ಮಾತ್ರ ಮನೇಲೇ ಇರಲಿ ಅಂತ ಅಪ್ಪನಿಗೆ ಈಗಿಂದ್ಲೇ ಹೇಳ್ತಾ ಬನ್ನಿ, ಆ ರೈಲಲ್ಲಿ ಉಗುಳ್ಲಿಕ್ಕೆ ಜಾಗ ಹುಡುಕಿದ್ರೆ ಸಿಗೋದಿಲ್ಲ.

ಲಕ್ಷಗಟ್ಟಲೆ ಸುರಿಯೋ ಮುಂಚೆ ಒಂದು ಕೆಲಸ ಮಾಡಿ. ಇಬ್ಬರನ್ನೂ ಕುಮಟಾದಲ್ಲಿ ಯಶವಂತಪುರದ ಹಗಲು ಟ್ರೈನಿನ ವಿಸ್ಟಾಡೋಮ್ ಅನ್ನೋ ಗಾಜಿನ ಬೋಗಿ ಹತ್ತಿಸಿ ಸಕಲೇಶಪುರದಲ್ಲಿ ಇಳಿಸಿ. ಆಯಿ ಖುಷಿಯಲ್ಲಿ ಇಳಿದ್ರೆ ವೀಸಾಕ್ಕೆ ಅರ್ಜಿ ಹಾಕಿ. ಅಪ್ಪ ಪೂರ್ತಿ ದಾರಿ ನಿದ್ದೆ ಹೊಡೆದ್ರೆ ಅಣ್ಣನ ದುಡ್ಡು ಉಳೀತು.

ಪ್ರಶ್ನೆ: ಆ ವಿಸ್ಟಾಡೋಮ್‌ಗೆ ಸ್ಲೀಪರಿಗಿಂತ ಅಷ್ಟೊಂದು ಜಾಸ್ತಿ ಕೊಟ್ಟು ಹೋಗೋದು ಸರೀನಾ? ಯಾವ ತಿಂಗಳಲ್ಲಿ ಹೋಗ್ಬೇಕು? — ನಿವೃತ್ತ ಮೇಷ್ಟ್ರು, ಕುಮಟಾ

ಉತ್ತರ: ಮೇಷ್ಟ್ರೇ, ಮೊದಲು ನನ್ನ ಕಥೆ ಕೇಳಿ. ಒಂದ್ಸಲ ಊರಿಗೆ ಬಂದ ನೆಂಟರಿಗೆ "ಸಕಲೇಶಪುರ ಘಾಟಿ ತೋರಿಸ್ತೇನೆ ಬನ್ನಿ" ಅಂತ ಕೊಚ್ಚಿಕೊಂಡು ಬೆಂಗಳೂರಿಂದ ಕಾರವಾರಕ್ಕೆ ಟಿಕೆಟ್ ಮಾಡಿಸಿದೆ, ಎಸಿ ಬೋಗಿ, ಬೆಡ್‌ಶೀಟು, ಎಲ್ಲ ಸರಿ. ಹತ್ತಿ ಕೂತ ಮೇಲೆ ತಲೆಗೆ ಹೊಳೀತು, ಅದು ರಾತ್ರಿ ಟ್ರೈನು. ಘಾಟಿ ಪೂರ್ತಿ ಕಪ್ಪು ಗಾಜಲ್ಲಿ ನಮ್ಮ ಮುಖ ನೋಡ್ಕೊಂಡು ಇಳಿದ್ವಿ. ಹಾಗಾಗಿ ಯಾವ ಬೋಗಿ ಅನ್ನೋದಕ್ಕಿಂತ ಮೊದಲು ಯಾವ ಹೊತ್ತು ಅಂತ ನೋಡಿ. ವಾರಕ್ಕೆ ಮೂರು ದಿನದ ಯಶವಂತಪುರ-ಕಾರವಾರ ಹಗಲು ಟ್ರೈನೇ ಇದಕ್ಕೆ ಸರಿ, ಅದಕ್ಕೆ 2021ರಲ್ಲಿ ವಿಸ್ಟಾಡೋಮ್ ಜೋಡಿಸಿದ್ರು. ಬುಕ್ಕಿಂಗಲ್ಲಿ ಇವಿ ಅಂತ ಇರೋ ಕ್ಲಾಸ್ ಅದು. 44 ಸೀಟು, ಬೇಕಾದ ಕಡೆ ತಿರುಗಿಸ್ಕೋಬಹುದು, ಮೇಲೆ ಛಾವಣಿಗೂ ಗಾಜು, ಬೋಗಿಯ ಒಂದು ತುದೀಲಿ ನಿಂತು ನೋಡ್ಲಿಕ್ಕೆ ಬೇರೆ ಜಾಗ.

ಘಾಟಿ ಅಂದ್ರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿ.ಮೀ., 57 ಸುರಂಗ, ಐವತ್ತು ಅಡಿ ಹೋದ್ರೆ ಒಂದು ಅಡಿ ಏರೋ ಹಳಿ. ಭಾರದ ಗಾಡಿಗೆ ಹಿಂದಿಂದ ನೂಕ್ಲಿಕ್ಕೆ ಬೇರೆ ಇಂಜಿನ್ ಬೇಕು. ನಡುವೆ ಎಡಕುಮರಿ ಅಂತ ಒಂದು ಸ್ಟೇಷನ್, ಸುತ್ತ ಬರೀ ಕಾಡು. ಮೀಟರ್ ಗೇಜ್ ಇದ್ದಾಗ ಇದರ ಮಜಾನೇ ಬೇರೆ ಅಂತ ಹಳಬರು ಹೇಳ್ತಾರೆ, ಗೇಜು ಬದಲಾಗಿ ಪ್ರಯಾಣಿಕರ ಟ್ರೈನು ಮತ್ತೆ ಓಡಿದ್ದು 2007ರ ಕೊನೆಗೆ.

57 ಸುರಂಗ ಅಂದ್ರೆ ಗಾಜಿನ ಛಾವಣಿಗೂ ತಗಡಿನ ಛಾವಣಿಗೂ ಅಷ್ಟು ಸಲ ಒಂದೇ ಕತ್ತಲೆ, ಅದನ್ನೂ ಲೆಕ್ಕಕ್ಕೆ ಹಿಡೀರಿ. ಜೋರು ಮಳೇಲಿ ಒಳಗೆ ಎಸಿ, ಹೊರಗೆ ತೇವ, ಗಾಜು ಮಂಜು ಹಿಡಿದು ಟವೆಲಲ್ಲಿ ಒರೆಸ್ತಾ ಕೂರೋ ಪರಿಸ್ಥಿತಿ. ಆದ್ರೆ ಸೆಕೆಂಡ್ ಕ್ಲಾಸ್ ಕಿಟಕೀಲಿ ಝರಿಯ ನೀರು ಮುಖಕ್ಕೇ ಸಿಡೀತದೆ, ಅದಕ್ಕೆ ರೇಟು ಕಟ್ಟೋರು ಯಾರು. ಮಳೆಗಾಲದ ತೊಂದ್ರೆ ಗುಡ್ಡ ಕುಸಿಯೋದು, 2018ರ ಆಗಸ್ಟಲ್ಲಿ ಕುಸಿದು ವಾರಗಟ್ಟಲೆ ಈ ದಾರಿ ಮುಚ್ಚಿತ್ತು. 2025ರಲ್ಲಿ ವಿದ್ಯುತ್ ಲೈನ್ ಎಳೆಯೋ ಕೆಲಸಕ್ಕೆ ಹಗಲು ಟ್ರೈನುಗಳನ್ನೇ ತಿಂಗಳುಗಟ್ಟಲೆ ನಿಲ್ಲಿಸಿದ್ರು. ಅದಕ್ಕೆ ಹೊರಡೋ ಮುಂಚೆ ಟ್ರೈನು ಇದ್ಯಾ ಅಂತ ನೋಡ್ಕೊಂಡೇ ಚೀಲ ತುಂಬಿ. ನನ್ನ ಲೆಕ್ಕದಲ್ಲಿ ದಸರಾ ಆದ ಮೇಲಿಂದ ನವೆಂಬರ್ ಕೊನೆವರೆಗೆ ಚೆನ್ನ, ಝರಿ ಇನ್ನೂ ಒಣಗಿರೋದಿಲ್ಲ, ಆಕಾಶ ಬಿಟ್ಟಿರ್ತದೆ. ಹೋಗೋವಾಗ ವಿಸ್ಟಾಡೋಮ್, ಬರೋವಾಗ ಸಾದಾ ಕಿಟಕಿ, ಹೀಗೆ ಮಾಡಿ. ಯಾವುದು ಮೇಲು ಅಂತ ನೀವೇ ನಂಗೆ ಬರೀರಿ, ಮಾರ್ಕು ಹಾಕೋ ಅಭ್ಯಾಸ ನಿಮಗೇ ಇರೋದು.

ಪ್ರಶ್ನೆ: ದೂಧಸಾಗರದ ಹತ್ರ ಟ್ರೈನ್ ಸ್ಲೋ ಆದಾಗ ಇಳಿದು ಹಳಿ ಮೇಲೆ ನಡ್ಕೊಂಡು ಹೋಗ್ಬಹುದಾ? ರೀಲ್ಸಲ್ಲಿ ಎಲ್ರೂ ಹೋಗ್ತಾರೆ. — ಕಾಲೇಜ್ ಹುಡುಗರು, ಕಾರವಾರ

ಉತ್ತರ: ಬೇಡ. 2023ರ ಜುಲೈಲಿ ಹಾಗೆ ಹೋದವರಿಗೆ ಅಲ್ಲೇ ಬಸ್ಕಿ ಹೊಡೆಸಿದ ವಿಡಿಯೋನೂ ನಿಮ್ಮ ಅದೇ ಮೊಬೈಲಲ್ಲಿ ಇರ್ತದೆ, ಹುಡುಕಿ. ಜಲಪಾತ ಸುಮಾರು 310 ಮೀಟರ್, ಹಳಿ ಅದರ ಎದುರೇ ಸೇತುವೆ ಮೇಲೆ ಹಾದು ಹೋಗ್ತದೆ, ಸೀಟಲ್ಲಿ ಕೂತೇ ನೋಡ್ಬಹುದು. ಮಡಗಾಂವಿಗೆ ಹೋಗಿ ವಾಸ್ಕೋದಿಂದ ಹಗಲಲ್ಲಿ ಬರೋ ಹುಬ್ಬಳ್ಳಿ ಕಡೆಯ ಟ್ರೈನು ಹಿಡೀರಿ, ಮಳೆಗಾಲ ಮುಗಿಯೋ ಹೊತ್ತಿಗೆ. ದೂಧಸಾಗರ ಇರೋ ಬ್ರಗಾಂಜಾ ಘಾಟಿ ಸಕಲೇಶಪುರಕ್ಕಿಂತ ಕಡಿದು, ಮೂವತ್ತೇಳಕ್ಕೆ ಒಂದು. ಹತ್ತಿ ಮುಗಿಸಿದ್ರೆ ಸಿಗೋ ಕ್ಯಾಸಲ್ ರಾಕ್ ನಮ್ಮ ಜೋಯಿಡಾ ತಾಲೂಕೇ, ಗೋವಾ ಪೋರ್ಚುಗೀಸರ ಕೈಲಿದ್ದ ಕಾಲಕ್ಕೆ ಅಲ್ಲಿ ಕಸ್ಟಮ್ಸ್ ತಪಾಸಣೆ ಇತ್ತು. ಲಕ್ಸುರಿ ಏನೂ ಇಲ್ಲ, ಜನರಲ್ ಟಿಕೆಟ್ಟಲ್ಲೂ ಅದೇ ಜಲಪಾತ ಕಾಣ್ತದೆ.

ಪ್ರಶ್ನೆ: ಮಗ-ಸೊಸೆ ವ್ಯಾಂಕೂವರಲ್ಲಿದ್ದಾರೆ, ನಾವು ಹೋದಾಗ ರಾಕಿ ಮೌಂಟನಿಯರ್ ಹತ್ತಿಸ್ತೇವೆ ಅಂತಾರೆ. ಎರಡು ದಿನದ ಪ್ರಯಾಣ ಅಂತೆ, ಮಲಗ್ಲಿಕ್ಕೆ ಬರ್ತ್ ಇರ್ತದಾ? — ದಂಪತಿ, ಕಾರವಾರ

ಉತ್ತರ: ಬರ್ತೇ ಇಲ್ಲ. ಅದು ಹಗಲಲ್ಲಿ ಮಾತ್ರ ಓಡೋ ಟ್ರೈನು, ರಾತ್ರಿ ಕ್ಯಾಮ್ಲೂಪ್ಸ್ ಅನ್ನೋ ಊರಲ್ಲಿ ಇಳಿಸಿ ಹೋಟೆಲಿಗೆ ಕಳಿಸ್ತಾರೆ, ಬೆಳಗ್ಗೆ ಮತ್ತೆ ಹತ್ತೋದು, ಸಂಜೆಗೆ ಬ್ಯಾನ್ಫ್ ಕಡೆ ತಲುಪೋದು. ಬೆಟ್ಟ ಒಂದೂ ತಪ್ಪಬಾರದು ಅಂತ ಹಾಗೆ ಮಾಡಿದ್ದಾರೆ. ಈ ವಿಷಯದಲ್ಲಿ ಅವರಷ್ಟು ಬುದ್ಧಿ ನಂಗೆ ಆ ರಾತ್ರಿ ಟ್ರೈನ್ ಬುಕ್ ಮಾಡೋವಾಗ ಇದ್ದಿದ್ರೆ ಆಗ್ತಿತ್ತು. ಗೋಲ್ಡ್‌ಲೀಫ್ ಅನ್ನೋದು ಎರಡಂತಸ್ತಿನ ಬೋಗಿ, ಮೇಲೆ ಗಾಜಿನ ಗುಮ್ಮಟ, ಕೆಳಗೆ ಊಟ. ಸಿಲ್ವರ್‌ಲೀಫ್ ಒಂದೇ ಅಂತಸ್ತು, ಊಟ ಕೂತಲ್ಲಿಗೇ. ಮಗ ದುಡ್ಡು ಹಾಕ್ತಾನೆ ಅಂದ್ರೂ ಸಿಲ್ವರ್ ಸಾಕು ಅಂತ ಹೇಳಿ, ಮೇಲೆ ಕೆಳಗೆ ಮೆಟ್ಟಿಲು ಹತ್ತಿಳಿಯೋ ಕೆಲಸ ತಪ್ತದೆ. ಏಪ್ರಿಲಿಂದ ಅಕ್ಟೋಬರ್ ನಡುವೆ ಮಾತ್ರ ಓಡೋದು, ಬಾಣಂತನಕ್ಕೆ ಅಂತ ಡಿಸೆಂಬರಲ್ಲಿ ಹೋಗೋದಾದ್ರೆ ಟ್ರೈನಿನ ಆಸೆ ಬಿಡಿ.

ಪ್ರಶ್ನೆ: ಸಿರ್ಸಿಗೆ ರೈಲು ಯಾವಾಗ? — ಸಿರ್ಸಿಯಿಂದ ಹನ್ನೊಂದು ಜನ, ಬೇರೆ ಬೇರೆ ಕಾಗದದಲ್ಲಿ

ಉತ್ತರ: ಹುಬ್ಬಳ್ಳಿ-ಅಂಕೋಲಾ ಲೈನೇ ಕಾಡಿನ ಪರವಾನಗಿಗೆ ಸಿಕ್ಕಿಹಾಕ್ಕೊಂಡು ಎಷ್ಟು ವರ್ಷ ಆಯ್ತು ಅಂತ ನಿಮಗೂ ಗೊತ್ತು. ಸದ್ಯಕ್ಕೆ ತಾಳಗುಪ್ಪಕ್ಕೆ ಬಸ್ಸು ಹತ್ತಿ. ಕಾಡು ಉಳೀಲಿ ಅನ್ನೋದೂ ನಾವೇ, ರೈಲು ಬರಲಿ ಅನ್ನೋದೂ ನಾವೇ, ಈ ಅಂಕಣದಲ್ಲಿ ತೀರೋ ಜಗಳ ಅಲ್ಲ ಅದು.

ಪ್ರಶ್ನೆ: ನಂಗೆ ಎಂಬತ್ತು ದಾಟ್ತು. ಮೊಮ್ಮಕ್ಕಳು ಎಲ್ಲೆಲ್ಲೋ ಗಾಜಿನ ರೈಲಿನ ಫೋಟೋ ತೋರಿಸ್ತಾರೆ. ನಂಗೆ ನಮ್ಮ ಶರಾವತಿ ಸೇತುವೆ ಮೇಲೆ ಒಂದ್ಸಲ ರೈಲಲ್ಲಿ ಹೋಗೋ ಆಸೆ. ಯಾವ ಟಿಕೆಟ್ ತೆಗೀಬೇಕು? — ಅಜ್ಜಿ, ಹೊನ್ನಾವರ (ಮೊಮ್ಮಗಳ ಕೈಯಲ್ಲಿ ಬರೆಸಿದ್ದು)

ಉತ್ತರ: ಅಮ್ಮಾ, ಕೊಂಕಣ ರೈಲು ಪೂರ್ತಿ ಓಡ್ಲಿಕ್ಕೆ ಶುರುವಾಗಿದ್ದು 1998ರ ಜನವರಿ 26ಕ್ಕೆ, ಇಷ್ಟು ವರ್ಷ ನೀವು ಅದರ ಶಿಳ್ಳೆ ಮಾತ್ರ ಕೇಳ್ತಾ ಕೂತಿದ್ರಲ್ಲ. ಆ ದಾರಿಯಲ್ಲೇ ಎಲ್ಲಕ್ಕಿಂತ ಉದ್ದದ ಸೇತುವೆ ಇದೇ, ಎರಡು ಕಿ.ಮೀ. ಮೀರಿ. ಮಂಗಳೂರು ಕಡೆ ಹೋಗೋ ಪ್ಯಾಸೆಂಜರಿಗೆ ಹೊನ್ನಾವರದಿಂದ ಮಂಕಿಗೆ ಸಾದಾ ಟಿಕೆಟ್ ತೆಗೀರಿ, ಮೊಮ್ಮಗಳನ್ನ ಕರ್ಕೊಂಡು ಹೋಗಿ, ಪ್ಲಾಟ್‌ಫಾರಂ ಮೇಲೆ ಮೊದಲೇ ಒಂದು ಕುರ್ಚಿ ಹುಡುಕ್ಕೊಂಡು ಕೂತಿರಿ. ಹತ್ತಿದ ಕೂಡ್ಲೇ ಕಿಟಕಿ ಹಿಡೀರಿ, ಸೇತುವೆ ಬೇಗ ಬರ್ತದೆ. ಸಮುದ್ರದ ಬದಿ ಬೇಕಾದ್ರೆ ಬಲಕ್ಕೆ, ಹೊಳೆ ಇಳಿದು ಬರೋ ಗೇರುಸೊಪ್ಪೆ ಕಡೆ ಗುಡ್ಡ ನೋಡ್ಬೇಕು ಅಂದ್ರೆ ಎಡಕ್ಕೆ. ಹೋಗೋವಾಗ ನೋಡದೇ ಬಿಟ್ಟ ಬದಿಯನ್ನ ವಾಪಸ್ ಬರೋವಾಗ ನೋಡ್ಕೊಳ್ಳಿ.